ಆರನೆಯ ಕರಡಿ

ನಾನು ಶಾಲೆ ಬಿಟ್ಟದ್ದು ಸಾವಿರದ ಒಂಬೈನೂರ ತೊಂಬತ್ತಾರರಲ್ಲಿ, ಏಳನೆಯ ಇಯತ್ತೆ ಮುಗಿದ ಮೇಲೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಬೆಂಚಿನ ಮೇಲೆ ಕೂತು ಕೂತು ಕೈ ಜೋಮು ಹಿಡಿಯುತ್ತಿತ್ತು. ಕೈಗೆ ಕೆಲಸ ಬೇಕಾಗಿತ್ತು. ಆ ಕೈ ಈಗಲೂ ಸುಮ್ಮನಿರುವ ಕೈಯಲ್ಲ. ಆದರೆ ಇವತ್ತು ಮುಂಜಾನೆ ಒಂದು ಫರ್ ಬಟ್ಟೆಯ ಮೇಲೆ ಹೋಗಿ ಕೂತದ್ದು ಬಹಳ ಹೊತ್ತು ಏಳಲೇ ಇಲ್ಲ.

ಹೊಸ ಸುರುಳಿ ಬಿಚ್ಚಿದ್ದೆ. ನೀವು ಹೊಸ ಫರ್ ಮೂಸಿ ನೋಡಿದ್ದೀರೋ ಇಲ್ಲವೋ. ಪ್ರಾಣಿಯ ವಾಸನೆ ಇರುತ್ತದೆಂದು ಜನ ತಿಳಿಯುತ್ತಾರೆ. ಇಲ್ಲ, ಹೊಸ ಬಕೆಟ್ಟು, ಹೊಸ ಚಪ್ಪಲಿ, ಮೊದಲ ಮಳೆ ಬಿದ್ದ ಡಾಂಬರು ರಸ್ತೆ, ಈ ಮೂರರ ನಡುವೆ ಎಲ್ಲೋ ಇರುವ ವಾಸನೆ ಅದು. ಆದರೆ ಕಣ್ಣು ಮುಚ್ಚಿ ಅಂಗೈ ಇಟ್ಟರೆ, ಮೂಗು ಹೇಳಿದ್ದನ್ನು ಕೈ ನಂಬುವುದಿಲ್ಲ. ಕೈಯ ಪಾಲಿಗೆ ಅದು ಊಟ ಮಾಡಿ ಮಲಗಿದ ಒಂದು ಜೀವ. ಬಂಕಾಪುರದ ಕೋಟೆಯ ಕಡೆಯಿಂದ ನವಿಲು ಕೂಗುತ್ತಿತ್ತು. ಕಿಟಕಿಯಿಂದ ಬಿದ್ದ ಬಿಸಿಲಿನ ಪಟ್ಟಿಯಲ್ಲಿ ಕಂದು ಕೂದಲ ಎಳೆಗಳು ಮೇಲೂ ಹೋಗದೆ ಕೆಳಗೂ ಇಳಿಯದೆ ತೇಲುತ್ತಿದ್ದವು. ನಾನೂ ಅವುಗಳ ಜೊತೆ ತೇಲಿಕೊಂಡು ಇಪ್ಪತ್ತು ವರ್ಷ ಹಿಂದಕ್ಕೆ ಹೋದೆ.

ಕರಡಿ ಗೊಂಬೆ ಹೊಲಿಯುವುದು ನನ್ನ ಉದ್ಯೋಗ. ಮೊದಲು ಸವಣೂರಿನ ಒಂದು ಟೇಲರ್ ಅಂಗಡಿಯಲ್ಲಿ ಕಾಜಾ ಹಾಕಿಕೊಂಡಿದ್ದೆ, ಆಮೇಲೆ ಅಂಗಿ ಕತ್ತರಿಸುವಷ್ಟು ಬೆಳೆದೆ. ಹುಬ್ಬಳ್ಳಿಯ ವ್ಯಾಪಾರಿಯೊಬ್ಬರು ಒಂದು ಮಾದರಿ ಕರಡಿ ತಂದು ಮುಂದಿಟ್ಟು, “ಇಂಥಾದ್ದು ಹೊಲೀತಿಯೇನು?” ಎಂದು ಕೇಳಿದಾಗ, ಬರುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಮಾದರಿಯನ್ನು ಬಿಚ್ಚಿ, ಕಾಗದದ ಮೇಲಿಟ್ಟು ಗೆರೆ ಎಳೆದು, ಕಲಿತುಬಿಟ್ಟೆ. ಫರ್ ಬಟ್ಟೆಗೆ ಕತ್ತರಿ ಹಾಕಬಾರದು. ಹಾಕಿದರೆ ಕೂದಲೂ ತುಂಡಾಗಿ ಕರಡಿಗೆ ಕ್ಷೌರ ಮಾಡಿಸಿದಂತಾಗುತ್ತದೆ. ಹಿಂಬದಿಯಿಂದ ಬ್ಲೇಡಿನ ತುದಿ ಊರಿ ಬಟ್ಟೆಯನ್ನಷ್ಟೇ ಸೀಳಬೇಕು, ಆಮೇಲೆ ಎರಡೂ ಕೈಯಿಂದ ಮೆಲ್ಲಗೆ ಬಿಡಿಸಬೇಕು. ಕೂದಲಿನಿಂದ ಕೂದಲು ಬಿಟ್ಟುಕೊಳ್ಳುವಾಗ ಸದ್ದೇ ಇರುವುದಿಲ್ಲ, ನಿದ್ದೆ ಹತ್ತಿದ ಕೂಸಿನ ಮುಷ್ಟಿಯಿಂದ ಅವ್ವ ಸೆರಗು ಬಿಡಿಸಿಕೊಂಡ ಹಾಗೆ. ಹೊಲಿದಾದ ಮೇಲೆ, ಹೊಲಿಗೆಯಲ್ಲಿ ಸಿಕ್ಕಿಬಿದ್ದ ಕೂದಲನ್ನು ಸೂಜಿಯ ತುದಿಯಿಂದ ಎಬ್ಬಿಸಿ ಹೊರಗೆ ತಂದರೆ ಹೊಲಿಗೆಯೇ ಮಾಯ. ಇದನ್ನೆಲ್ಲ ನನಗೆ ಯಾರೂ ಹೇಳಿಕೊಡಲಿಲ್ಲ. ಅದೇ ನನ್ನ ಸೊಕ್ಕು.

ಆಗ ಫರ್ ಸುರುಳಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಯಲವಿಗಿ ಸ್ಟೇಷನ್ನಿಗೆ ಬರುತ್ತಿತ್ತು. ಅಲ್ಲಿಂದ ಸವಣೂರಿಗೆ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ತರುತ್ತಿದ್ದೆ. ಇಳಿಸುವಾಗ ತಬ್ಬಿದರೆ, ಸವಣೂರಿನ ದೊಡ್ಡಹುಣಸೆ ಮರವನ್ನು ಒಬ್ಬನೇ ತಬ್ಬಿದಂತೆ ಕೈಗೆ ಕೈ ಸಿಗುತ್ತಿರಲಿಲ್ಲ. ದಾರಿಯುದ್ದಕ್ಕೂ ಅದು ಬೆನ್ನಿಗೆ ಒರಗಿ ಬೆಚ್ಚಗೆ ಕೂತಿರುತ್ತಿತ್ತು. ಎರಡೂ ಕಡೆ ಗೋವಿನಜೋಳ, ಹಿಂದೆ ಮಾತಾಡದ ಒಬ್ಬ ಗೆಳೆಯ; ಎಷ್ಟೋ ಸಲ ಸವಣೂರು ದಾಟಿ ಹೋಗಿಬಿಡಲೇ ಅನ್ನಿಸಿದ್ದುಂಟು.

ಇನ್ನು ಜಾಣತನದ ಮಾತು. ಅಂಗಿ ಹೊಲಿಯುವವನಿಗೆ ಬಟ್ಟೆ ಉಳಿಸುವುದೇ ವಿದ್ಯೆ. ಒಂದು ತುಂಡನ್ನು ನೆಟ್ಟಗೆ, ಇನ್ನೊಂದನ್ನು ತಲೆಕೆಳಗೆ ಇಟ್ಟು ಜೋಡಿಸಿದರೆ ಮೂಲೆಮುರುಕೆಲ್ಲ ಉಪಯೋಗಕ್ಕೆ ಬರುತ್ತದೆ. ಕರಡಿಗೂ ಹಾಗೇ ಮಾಡಿದೆ. ಬೇರೆಯವರು ಐದು ಕರಡಿ ತೆಗೆಯುವ ಬಟ್ಟೆಯಲ್ಲಿ ನಾನು ಆರು ತೆಗೆದೆ. ಈ ಆರನೆಯ ಕರಡಿಯ ಮಾತನ್ನು ಸವಣೂರಿನಲ್ಲಿ ನನ್ನ ಬಾಯಿಂದ ಕೇಳದವರು ಕಡಿಮೆ.

ಆ ದಿನಗಳಲ್ಲೇ ಸೋದರಮಾವ ನನ್ನನ್ನು ಹಿರೇಬೆಂಡಿಗೇರಿಗೆ ಕನ್ಯಾ ನೋಡಲು ಕರೆದುಕೊಂಡು ಹೋದದ್ದು. ಕೆಲಸ ತೋರಿಸಲೆಂದು ಒಂದು ಕರಡಿಯನ್ನೂ ಚೀಲದಲ್ಲಿ ಇಟ್ಟುಕೊಂಡಿದ್ದೆ. ಬಸ್ಸಿಳಿದ ಕೂಡಲೇ ಮಾವ ನನ್ನ ಬಿಳಿ ಅಂಗಿ ನೋಡಿ ಹಣೆ ಬಡಿದುಕೊಂಡರು.

“ಮೈ ಜಾಡಿಸ್ಕೊಳ್ಳೋ ಮಾರಾಯಾ! ಕನ್ಯಾ ನೋಡಾಕ ಬಂದಾನೋ, ಕುರಿ ಕೂದ್ಲಾ ಕತ್ತರಿಸಿ ಬಂದಾನೋ ಅಂತಾರ.”

ಜಾಡಿಸಿದರೆ ಹೋಗುವ ಜಾತಿಯಲ್ಲ ಅದು. ಹುಡುಗಿಯ ಅಪ್ಪ ಫಕ್ಕೀರಪ್ಪನವರು ಒಳ್ಳೆಯ ಎತ್ತುಗಳನ್ನು ಕಟ್ಟಿದ್ದ ಮನುಷ್ಯ. “ಬರ್ರಿ, ಕುಂತ್ಗೋರಿ” ಎಂದವರು ನನ್ನ ಭುಜದ ಮೇಲಿನ ಉದ್ದನೆಯ ಕಂದು ಕೂದಲೊಂದನ್ನು ಎರಡು ಬೆರಳಲ್ಲಿ ಎತ್ತಿ, ಬೆಳಕಿಗೆ ಹಿಡಿದು, ಮಾವನ ಮುಖ ನೋಡಿದರು. ಮಾವ ಗಡಬಡಿಸಿ ಚೀಲದಿಂದ ಕರಡಿಯನ್ನು ಎಳೆದು ತೆಗೆದರು. “ಇದರದ್ದರೀ ಅದು! ಬ್ಯಾರೆ ಯಾರದ್ದೂ ಅಲ್ರಿ!”

“ಗೊಂಬಿ ಹೊಲದ್ರ ಹೊಟ್ಟಿ ತುಂಬತೈತೇನಪಾ?” ಎಂದರು ಫಕ್ಕೀರಪ್ಪ.

“ಬ್ಯಾರೆಯವರು ಐದು ತಗಿಯೋ ಬಟ್ಟ್ಯಾಗ ನಾನು ಆರು ತಗೀತೇನ್ರಿ” ಎಂದೆ.

ಅಷ್ಟರಲ್ಲಿ ಹುಡುಗಿ, ನೀಲವ್ವ, ಉಪ್ಪಿಟ್ಟಿನ ತಾಟು ತಂದಿಟ್ಟಳು. ಹೋಗುವಾಗ ಕರಡಿಯ ಹತ್ತಿರ ನಿಂತಳು. ಅಂಗೈಯನ್ನು ಅದರ ನೆತ್ತಿಯ ಮೇಲಿಟ್ಟು, ಕೆನ್ನೆ, ಹೊಟ್ಟೆ, ಕಾಲಿನ ತನಕ ನಿಧಾನ ಇಳಿಸಿದಳು. ನಾನು ತಾಟಿನತ್ತ ನೋಡದೆ ಆ ಕೈಯನ್ನೇ ನೋಡುತ್ತಿದ್ದೆ. ನನ್ನ ಕರಡಿಯನ್ನು ಅದುವರೆಗೆ ಯಾರೂ ಹಾಗೆ ಮುಟ್ಟಿರಲಿಲ್ಲ. ಕೊಳ್ಳುವವರು ಕಿವಿ ಜಗ್ಗಿ ನೋಡುತ್ತಾರೆ, ಹೊಟ್ಟೆ ಹಿಸುಕಿ ನೋಡುತ್ತಾರೆ.

“ಇದಕ್ಕ ಸಿಟ್ಟು ಬಂದೈತೇನ್ರಿ?” ಎಂದಳು. “ಒಂದು ಗಲ್ಲದ ಮ್ಯಾಲೆ ಕೂದ್ಲಾ ಮಲಗೈತಿ, ಇನ್ನೊಂದರ ಮ್ಯಾಲೆ ಎದ್ದು ನಿಂತೈತಿ. ಎತ್ತಿನ ಮೈಮ್ಯಾಲೆ ಹಿಂಗ ಉಲ್ಟಾ ಕೈ ಆಡಿಸಿದ್ರ ಒದೀತೈತಿ.” ಎದ್ದು ನಿಂತ ಕೂದಲನ್ನು ಮತ್ತೊಮ್ಮೆ ಸವರಿ, “ಆರನೇದ್ದು ಇದ ಇರಬೇಕು” ಎಂದಳು.

ಒಳಗಿನಿಂದ ಯಾರೋ “ನೀಲಾ!” ಎಂದು ಗದರಿದರು. ಅಷ್ಟೊತ್ತಿಗೆ ಇಡೀ ಪಡಸಾಲೆ ನಗುತ್ತಿತ್ತು. ಫಕ್ಕೀರಪ್ಪ ನಕ್ಕರು, ನನ್ನ ಸ್ವಂತ ಮಾವ ಉಪ್ಪಿಟ್ಟು ನೆತ್ತಿಗೇರುವಂತೆ ನಕ್ಕರು. ನಾನು ಕರಡಿಯನ್ನು ಚೀಲಕ್ಕೆ ತುರುಕಿಕೊಂಡು ಎದ್ದೆ. ಬಸ್ಸಿನಲ್ಲಿ ಮಾವ ಕೇಳಿದಾಗ “ಬ್ಯಾಡ ಅಂತ ಹೇಳ್ರಿ” ಎಂದೆ. ನಿಜ ಹೇಳಬೇಕೆಂದರೆ ಹುಡುಗಿ ಬೇಕಾಗಿದ್ದಳು. ಆ ನಗು ಬೇಡವಾಗಿತ್ತು. ಎರಡನ್ನೂ ಬೇರೆ ಮಾಡಲು ನನ್ನ ಬ್ಲೇಡಿಗೆ ಬರಲಿಲ್ಲ.

ಮರುದಿನ ಅಂಗಡಿಯ ಬಾಗಿಲು ತೆಗೆದರೆ ಹಲಗೆಯ ಮೇಲೆ ಸಾಲಾಗಿ ಕೂತ ಕರಡಿಗಳು ನನ್ನನ್ನೇ ನೋಡುತ್ತಿದ್ದವು. ಬಿಸಿಲು ಓರೆಯಾಗಿ ಬೀಳುತ್ತಿತ್ತು. ಪ್ರತಿಯೊಂದರ ಮುಖವೂ ಅರ್ಧ ತಿಳಿ, ಅರ್ಧ ದಟ್ಟ. ಅದನ್ನು ನಾನು ಮೊದಲೂ ನೋಡಿದ್ದೆ. ಬೆಳಕಿನ ಆಟ ಎಂದುಕೊಂಡಿದ್ದೆ. ಕಣ್ಣು ಮುಚ್ಚಿ ಒಂದೊಂದರ ಮೇಲೂ ಕೈ ಇಳಿಸುತ್ತ ಹೋದೆ. ಇಲ್ಲಿ ನೀರಿನಂತೆ ಜಾರಿತು, ಅಲ್ಲಿ ಕೊಯ್ದ ಹೊಲದ ಕೂಳೆಯಂತೆ ತಡೆಯಿತು. ಅಂಗಿ ಬಟ್ಟೆಗೆ ಮೇಲು ಕೆಳಗು ಇಲ್ಲ; ಇದಕ್ಕೆ ಇದೆ. ಹುಟ್ಟುವಾಗಲೇ ಒಂದು ದಿಕ್ಕಿಗೆ ಮುಖ ಮಾಡಿ ಮಲಗಿದ ಬಟ್ಟೆ ಇದು. ಅದನ್ನು ತಲೆಕೆಳಗು ಮಾಡಿ ಸೀಳಿ ಹೊಲಿದರೆ ಬಿಚ್ಚಿ ಸರಿಮಾಡಲೂ ಆಗುವುದಿಲ್ಲ, ಬಲಗೆನ್ನೆ ಎಡಗೆನ್ನೆಯಾದೀತೇ?

ಆ ಹೊತ್ತಿಗೆ ಸರಿಯಾಗಿ ಮಾವ ಸುದ್ದಿ ತಂದರು. “ಹಾನಗಲ್ಲ ಕಡೀಂದ ಒಂದು ವರ ಬರಾಕತ್ತೈತಂತ ಆ ಹುಡುಗೀನ್ನ ನೋಡಾಕ. ಸ್ವಂತ ಕಿರಾಣಿ ಅಂಗಡಿ ಐತಂತ. ನೀ ಹೆಂಗೂ ಬ್ಯಾಡ ಅಂದಿಯಲ್ಲ, ಛಲೋ ಆತು ಬಿಡು.”

ಸುರುಳಿ ಬಿಚ್ಚಿದೆ. ಕೂದಲು ಮಲಗಿದ ದಿಕ್ಕಿಗೆ ಹಿಂಬದಿಯಲ್ಲಿ ಒಂದೊಂದು ಬಾಣದ ಗುರುತು ಹಾಕಿದೆ. ಮೂಲೆಗಳಲ್ಲಿ ಉಳಿದ ಬಟ್ಟೆಯನ್ನು ನೋಡಿದರೆ ಹೊಟ್ಟೆ ಉರಿಯುತ್ತಿತ್ತು, ಆದರೂ ಮುಟ್ಟಲಿಲ್ಲ. ಕೊನೆಯದನ್ನು ಹೊಲಿದು, ಬಾಚಿ, ಚೀಲಕ್ಕಿಟ್ಟುಕೊಂಡು ಒಬ್ಬನೇ ಹಿರೇಬೆಂಡಿಗೇರಿಯ ಬಸ್ಸು ಹತ್ತಿದೆ.

ಫಕ್ಕೀರಪ್ಪ ಕಟ್ಟೆಯ ಮೇಲೆ ಕೂತಿದ್ದರು. “ಬ್ಯಾಡ ಅಂದಿದ್ದಿಯಲ್ಲಪಾ?”

“ಅಂದಿದ್ದೆರಿ. ಈಗ ಬೇಕು ಅನ್ನಾಕ ಬಂದೇನಿ.”

“ಕನ್ಯಾ ಅಂದ್ರ ಸಂತ್ಯಾಗಿನ ಬದನಿಕಾಯಿ ಅಂತ ತಿಳದಿಯೇನು, ಒಮ್ಮೆ ಇಟ್ಟು ಹೋಗಿ ತಿರುಗಿ ಬಂದು ಆರಿಸಾಕ?”

ನಾನು ಚೀಲದ ಬಾಯಿ ಬಿಚ್ಚಿದೆ. ನೀಲವ್ವ ಅಂಗಳದಲ್ಲಿ ಎತ್ತಿನ ಮೈ ತಿಕ್ಕುತ್ತಿದ್ದಳು. ಹುಲ್ಲಿನ ಹಿಡಿಯನ್ನು ಬದಿಗಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದಳು. ನಾನು ಕರಡಿಯನ್ನು ಮುಂದೆ ಹಿಡಿದೆ. ಅವಳ ಅಂಗೈ ನೆತ್ತಿಯಿಂದ ಹೊರಟು, ಎರಡೂ ಕೆನ್ನೆಯ ಮೇಲೆ ಹಾದು, ಎಲ್ಲೂ ನಿಲ್ಲದೆ ಪಾದದಲ್ಲಿ ಇಳಿಯಿತು. ಅವಳ ಹಿಂದೆ ಎತ್ತು ಕಣ್ಣು ಅರೆಮುಚ್ಚಿ ಮೆಲುಕು ಹಾಕುತ್ತಿತ್ತು.

“ಇದು ಎಷ್ಟನೇದ್ದರೀ?”

“ಐದನೇದ್ದು.”

“ಮತ್ತ ಆರನೇದ್ದು?”

“ಇನ್ನ ಮ್ಯಾಲೆ ಹುಟ್ಟೂದಿಲ್ಲ.”

ನಕ್ಕಳು. ಈ ಸಲ ನಾನೂ ನಕ್ಕೆ. ಫಕ್ಕೀರಪ್ಪ ಇಬ್ಬರನ್ನೂ ನೋಡಿ, ಎತ್ತನ್ನೂ ಒಮ್ಮೆ ನೋಡಿ, “ಹಾನಗಲ್ಲದವರಿಗೆ ನಾನು ಏನಂತ ಹೇಳಲಿ?” ಎಂದು ಯಾರನ್ನೂ ಕೇಳದವರಂತೆ ಕೇಳಿ, ಒಳಗೆ ಮುಖ ಮಾಡಿ ಎರಡು ಕಪ್ ಚಹಾಕ್ಕೆ ಕೂಗಿದರು.

“ಏನ್ರಿ, ಬಟ್ಟಿ ಮ್ಯಾಲೆ ನಿದ್ದಿ ಹತ್ತೈತೇನು?”

ಇದು ಅಂದಿನ ಮಾತಲ್ಲ, ಇಂದು ಮುಂಜಾನೆಯದು. ನೀಲವ್ವ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ ಸುರುಳಿಯ ಮೇಲೆ ತನ್ನ ಅಂಗೈ ಇಳಿಸಿ, ದಿಕ್ಕು ನೋಡಿಕೊಂಡಳು. ಮೊನ್ನೆಯಷ್ಟೇ ಕೆಲಸಕ್ಕೆ ಸೇರಿದ ಶಾಂತವ್ವ ಎಂಬ ಹೆಣ್ಣುಮಗಳು ಅದನ್ನು ನೋಡುತ್ತ, “ಅಣ್ಣಾರ, ಇದನ್ನೆಲ್ಲಾ ನಿಮಗ ಯಾರು ಕಲಿಸಿದ್ರು?” ಎಂದಳು.

ಇಷ್ಟು ವರ್ಷ ಈ ಪ್ರಶ್ನೆಗೆ ನನ್ನ ಉತ್ತರ ಒಂದೇ: ಯಾರೂ ಕಲಿಸಲಿಲ್ಲ, ನಾನೇ ಕಲಿತೆ. ನೀಲವ್ವನ ಎದುರಿಗೇ ಹೇಳಿದ್ದೇನೆ. ಅವಳು ಒಮ್ಮೆಯೂ ತಡೆದಿಲ್ಲ. ಇವತ್ತೂ ಅದೇ ಮಾತು ನಾಲಿಗೆಯ ತುದಿಗೆ ಬಂದಿತ್ತು.

“ಈಕಿ ಕಲಿಸಿದ್ಲು” ಎಂದೆ.

ನೀಲವ್ವ ಹಿಂಗೈಯಿಂದ ನನ್ನ ಹಣೆ ಮುಟ್ಟಿ ನೋಡಿ, “ಜ್ವರಾ ಏನೂ ಇಲ್ಲ” ಎಂದು ಶಾಂತವ್ವನಿಗೆ ಹೇಳಿದಳು. ಆದರೆ ಕೈಯನ್ನು ತೆಗೆಯಲು ಸ್ವಲ್ಪ ತಡಮಾಡಿದಳು.

ಈಗ ನನ್ನ ಹತ್ತಿರ ಇರುವುದು ಇಷ್ಟು: ಬಂಕಾಪುರದಲ್ಲಿ ಒಂದು ಸ್ವಂತ ಕೋಣೆ, ಮೂರು ಹೊಲಿಗೆ ಯಂತ್ರ, ಕೆಲಸಕ್ಕೆ ಬರುವ ನಾಲ್ವರು ಹೆಣ್ಣುಮಕ್ಕಳು, ಕಣ್ಣು ಕೂರಿಸುವುದು ಬಾಕಿ ಇರುವ ಹನ್ನೊಂದು ಕರಡಿ, ಹಿರೇಕೆರೂರಿನಲ್ಲಿ ಓದುವ ಒಬ್ಬ ಮಗಳು, ಒಬ್ಬ ಹೆಂಡತಿ.