ತೊಗಟೆಯ ಬಳೆ

ಕುಂದಾಣದ ಪಿಳ್ಳಣ್ಣ ಗೂಟಿ ಕಟ್ಟುವುದರಲ್ಲಿ ಹೆಸರಾಗಿದ್ದ. ಚಕ್ಕೋತದ ಕೊಂಬೆಯಿಂದ ಬೆರಳಗಲ ತೊಗಟೆಯನ್ನು ಬಳೆಯಂತೆ ಸುಲಿದು, ಕೆಮ್ಮಣ್ಣು ಮೆತ್ತಿ, ಗೋಣಿ ಸುತ್ತಿ, ದಿನವೂ ನೀರು ಹನಿಸುತ್ತಿದ್ದ. ಎರಡು ತಿಂಗಳಲ್ಲಿ ಗಾಯದ ಮೇಲಂಚಿನಿಂದ ಬಿಳಿಬೇರುಗಳು ಇಳಿಯುತ್ತಿದ್ದವು. ಕತ್ತರಿಸಿ ನೆಟ್ಟರೆ ಅದು ಬೇರೆ ಗಿಡವಲ್ಲ, ಅದೇ ಮರ.

ಎಲ್ಲ ಗೂಟಿಗೂ ತಾಯಿ ಒಂದೇ, ಮನೆಯ ಹಿತ್ತಲಲ್ಲಿದ್ದ ಕೆಂಪು ತೊಳೆಯ ಚಕ್ಕೋತದ ಮರ. ಬಿಂದಿಗೆಯಲ್ಲಿ ನೀರು ಹೊತ್ತು ಅವನೇ ಬೆಳೆಸಿದ್ದ. ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ ಮನೆ ಪಾಲಾದಾಗ ಅದು ಅಣ್ಣ ಆದಿನಾರಾಯಣಪ್ಪನ ಕಡೆ ಹೋಯಿತು.

"ವರ್ಷಕ್ಕೆ ನಾಕು ಕೊಂಬೆ ಕೊಡಣ್ಣ, ಸಾಕು."

"ನಿನ್ನ ಪಾಲಿಗೆ ಬೇಲಿ ಐತಲ್ಲ, ಅದಕ್ಕೆ ಕಟ್ಕೊ ಹೋಗ್ಲಾ ಗೂಟಿ!"

ಬಳೆ ಸುಲಿದ ಕೊಂಬೆಯಲ್ಲಿ ಕಾಯಿ ಹೆಚ್ಚು ನಿಲ್ಲುವುದನ್ನು ಅಣ್ಣ ಗಮನಿಸಿದ್ದ. ಕೊಂಬೆಗಾದದ್ದು ಮರಕ್ಕೇಕೆ ಆಗಬಾರದು? ಮರುವರ್ಷ ಹೂವಿನ ಕಾಲಕ್ಕೆ ಕಾಂಡಕ್ಕೇ ನಾಲ್ಕು ಬೆರಳಗಲದ ಬಳೆ ಸುಲಿದ.

ಪಿಳ್ಳಣ್ಣ ಬೇಲಿಯಾಚೆ ನಿಂತು ನೋಡುತ್ತಿದ್ದ. ಬೇರು ಹೀರಿದ ನೀರು ಒಳಗಿನ ಕಟ್ಟಿಗೆಯಲ್ಲಿ ಮೇಲೇರುತ್ತದೆ. ಎಲೆ ತಯಾರಿಸಿದ ಊಟ ತೊಗಟೆಯಲ್ಲಿ ಬೇರಿಗಿಳಿಯುತ್ತದೆ. ಇಳಿಯುವ ದಾರಿ ಕಡಿದುಹೋಗಿತ್ತು. ಆ ವಾರದೊಳಗೆ ನಾಲ್ಕು ಎಳೆಕಡ್ಡಿಗಳನ್ನು ಗಾಯದ ಮೇಲೂ ಕೆಳಗೂ ತೊಗಟೆಯೊಳಗೆ ಸಿಕ್ಕಿಸಿ ಸೇತುವೆ ಕಟ್ಟಿದರೆ ಮರ ಉಳಿಯುತ್ತಿತ್ತು. ಚಾಕು ಅವನ ಸೊಂಟದಲ್ಲೇ ಇತ್ತು.

"ಏನ್ಲಾ ನೋಡ್ತೀಯ? ನಿನ್ನ ವಿದ್ಯೆ ನಂಗೂ ಬಂತು!"

"ಚೆನ್ನಾಗೇ ಬಂದೈತಣ್ಣ," ಎಂದು ಪಿಳ್ಳಣ್ಣ ಹೊರಟುಹೋದ.

ಆ ವರ್ಷ ಕೊಂಬೆಗಳು ನೆಲಕ್ಕೆ ಬಾಗುವಷ್ಟು ಕಾಯಿ. ಅಣ್ಣ ಒಂದು ಹಣ್ಣನ್ನು ನಾಯಿಗೆ ಎಸೆದಂತೆ ಬೇಲಿಯಾಚೆ ಎಸೆದ. ಅದು ಬಿದ್ದಲ್ಲೇ ಕೊಳೆಯಿತು. ಎಲೆಗಳು ಮಾತ್ರ ಹಸಿರಾಗಿಯೇ ಇದ್ದವು. ಮುಂದಿನ ಬೇಸಿಗೆಯಲ್ಲಿ ಹಳದಿ ತಿರುಗಿ ಎಲ್ಲ ಉದುರಿದವು.

ಸೌದೆಗೆಂದು ಬುಡ ಅಗೆದಾಗ ಬೇರು ಕಪ್ಪಾಗಿ, ಕೈಯಲ್ಲಿ ಹಿಡಿದರೆ ಪುಡಿಯಾಗುತ್ತಿತ್ತು.

"ದಿನಾ ನೀರು ಬಿಟ್ಟಿದ್ನಲ್ಲೋ!"

"ನೀರು ಕುಡೀತಣ್ಣ. ಊಟ ಇಳೀಲಿಲ್ಲ," ಎಂದ ಬೇಲಿಯಾಚೆಯಿಂದ ಪಿಳ್ಳಣ್ಣ.

ಆದಿನಾರಾಯಣಪ್ಪ ಗುದ್ದಲಿ ಕೆಳಗಿಟ್ಟ. "ನಿಂಗೆ ಅವತ್ತೇ ಗೊತ್ತಿತ್ತಾ?"

ಪಿಳ್ಳಣ್ಣ ಬೇಲಿ ಬಿಟ್ಟು ಒಳಗೆ ಹೋದ. ಆಮೇಲೆ ಯಾರು ಕರೆದರೂ ಗೂಟಿ ಕಟ್ಟಲು ಹೋಗಲಿಲ್ಲ.

ಹಿಂದೊಮ್ಮೆ ಅವನಿಂದ ಗೂಟಿ ಒಯ್ದಿದ್ದ ಅರಿಶಿನಕುಂಟೆಯ ಪಾಪಕ್ಕ ಎಪ್ಪತ್ತೆರಡರಲ್ಲಿ ಹುಡುಕಿಕೊಂಡು ಬಂದಳು.

"ನನ್ನ ಹಿತ್ತಲಾಗೆ ಕೆಂಪು ಹಣ್ಣು ಬಿಟ್ಟೈತೆ ಕಣಪ್ಪಾ. ಬಂದು ಒಂದು ಕೊಂಬೆ ಕಟ್ಕೊ, ನಿನ್ನ ಪಾಲಾಗೆ ನೆಡು."

"ಬ್ಯಾಡಕ್ಕ," ಎಂದ ಪಿಳ್ಳಣ್ಣ. "ಅದೇ ಮರ ಅದು. ನನ್ನ ಗುರ್ತು ಹಿಡೀತದೆ."