ದ್ವೀಪಕ್ಕೆ ಅಗ್ಗದಲ್ಲಿ ಹೋಗಿಬಂದದ್ದು

ಆ ದ್ವೀಪಕ್ಕೆ ಕಾರು ತೆಗೆದುಕೊಂಡು ಹೋಗಬೇಡಿ. ಕೇಳಿದವರಿಗೆಲ್ಲ ನಾನು ಹೇಳುವ ಮೊದಲ ಮಾತು ಇದು. ಹಾಲೆಂಡಿನ ಉತ್ತರದ ತುದಿಯವರೆಗೆ ರೈಲಿದೆ, ಅಲ್ಲಿಂದ ಬಂದರಿಗೆ ಬಸ್ಸಿದೆ. ಫೆರಿಗೆ ನಡೆದುಕೊಂಡು ಹತ್ತಿದರೆ ಒಬ್ಬರಿಗೆ ಆಗುವ ಖರ್ಚು ಇಲ್ಲಿ ದುಬೈಯ ಕರಾಮದಲ್ಲಿ ಒಂದು ಮಸಾಲೆ ದೋಸೆ ತಿಂದಷ್ಟು. ಕಾರು ಹತ್ತಿಸಿದಿರೋ, ಅದರ ಹತ್ತಾರು ಪಟ್ಟು. ಕಾರು ಬೇಕೇ ಬೇಕು ಎನ್ನುವವರು ಮಂಗಳವಾರದಿಂದ ಗುರುವಾರದೊಳಗೆ ಹೋಗಿ, ವಾರದ ನಡುವೆ ದರ ಕಡಿಮೆ. ಟಿಕೆಟ್ ಹೋಗುವಾಗ ಮಾತ್ರ ಕೇಳುತ್ತಾರೆ, ಬರುವಾಗ ಕೇಳುವುದಿಲ್ಲ. ಹಿಂದಿರುಗುವ ಟಿಕೆಟ್ ಎಲ್ಲಿ ಸಿಗುತ್ತದೆ ಎಂದು ಹುಡುಕುತ್ತ ಒಂದು ಫೆರಿ ತಪ್ಪಿಸಿಕೊಳ್ಳಬೇಡಿ. ನೀರಿನ ಬಾಟಲಿ ಕೊಳ್ಳಬೇಡಿ, ನಲ್ಲಿಯ ನೀರನ್ನೇ ಎಲ್ಲರೂ ಕುಡಿಯುತ್ತಾರೆ. ಕೊಡೆ ಒಯ್ಯಬೇಡಿ, ಅಲ್ಲಿಯ ಗಾಳಿ ಅದನ್ನು ಹತ್ತು ನಿಮಿಷ ಉಳಿಸುವುದಿಲ್ಲ.

ನಾನು ಇಲ್ಲೇ ಅಲ್ ಮುರಕ್ಕಬಾತಿನ ಒಂದು ಟ್ರಾವೆಲ್ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಟಿಕೆಟ್ ಮಾಡುವವನು. ಯಾವ ವಾರ ಯಾವ ದಾರಿಯಲ್ಲಿ ಹೋದರೆ ಎಷ್ಟು ಉಳಿಯುತ್ತದೆ ಎಂದು ಕೇಳಿದರೆ ಕಂಪ್ಯೂಟರ್ ನೋಡದೆ ಹೇಳಬಲ್ಲೆ. ನನ್ನ ಕೈಯಿಂದ ಪೂರ್ತಿ ದರ ಕೊಟ್ಟು ಟಿಕೆಟ್ ಕೊಂಡವರು ಬಹಳ ಕಡಿಮೆ, ಅದು ನನ್ನ ಹೆಮ್ಮೆಯಾಗಿತ್ತು. ಆಮ್ಸ್ಟರ್‌ಡ್ಯಾಮ್ ನೋಡಿ ಬೇಸರ ಬಂದ ಜೋಡಿಗಳು ಈಗ ಆ ದ್ವೀಪವನ್ನು ಕೇಳಿಕೊಂಡು ಬರುತ್ತಾರೆ. ಮರಳು ದಿಬ್ಬ, ಕುರಿ, ಸೀಲ್ ಪ್ರಾಣಿ, ದೀಪಸ್ತಂಭ. ನಾನು ಹೋಗಿಬಂದವನೆಂದು ಗೊತ್ತಾಗಿ ಸಲಹೆ ಕೇಳುತ್ತಾರೆ. ನಾನು ಹೋದದ್ದು ನನ್ನ ತಮ್ಮನ ಕಬರ್ ನೋಡಲಿಕ್ಕೆ ಎಂದು ಅವರಿಗೆ ಹೇಳುವುದಿಲ್ಲ. ರಜೆಗೆ ಹೊರಟವರ ಬಾಯಿ ಏಕೆ ಕಹಿ ಮಾಡಬೇಕು?

ತಮ್ಮ ನನಗಿಂತ ಒಂಬತ್ತು ವರ್ಷ ಚಿಕ್ಕವನು. ಸಮುದ್ರದ ತಳದಿಂದ ಮರಳು ಎತ್ತಿ ದುಬೈಯಲ್ಲಿ ನೆಲ ಕಟ್ಟುವ ಹಡಗುಗಳಿವೆಯಲ್ಲ, ಅಂಥ ಒಂದು ಹಡಗಿನಲ್ಲಿ ಅವನಿಗೆ ಕೆಲಸ ಸಿಕ್ಕಿತ್ತು. ಇಲ್ಲಿಯ ಕೆಲಸ ಮುಗಿದಾಗ ಹಡಗು ಹಾಲೆಂಡಿನ ಕಡೆಗೆ ಹೋಯಿತು, ಅದರ ಜೊತೆಗೆ ಅವನೂ ಹೋದ. ಒಂದು ಜನವರಿಯ ಬಿರುಗಾಳಿಯಲ್ಲಿ ಡೆಕ್ಕಿನಿಂದ ಸಮುದ್ರಕ್ಕೆ ಬಿದ್ದ. ಮೂರು ವಾರ ಕಳೆದ ಮೇಲೆ ಆ ದ್ವೀಪದ ದಂಡೆಗೆ ಬಂದು ಸೇರಿದ. ಅಂಗಿಯ ಒಳಜೇಬಿನಲ್ಲಿದ್ದ ಕಾರ್ಡಿನಿಂದ ಗುರುತು ಹಿಡಿದರು.

ದೇಹವನ್ನು ಊರಿಗೆ ಕಳಿಸಬೇಕೇ ಎಂದು ನಾನು ಫೋನಿನಲ್ಲಿ ಕೇಳಿದಾಗ ನಮ್ಮ ತಾಯಿ, ಉಮ್ಮ, ಬೇಡವೆಂದರು. ನಮ್ಮಲ್ಲಿ ಮಯ್ಯತ್ತನ್ನು ಕಾಯಿಸುವುದಿಲ್ಲ. "ಅವನು ಈಗಲೇ ಮೂರು ವಾರ ನೀರಲ್ಲಿ ಕಾದಾಯ್ತು. ಇನ್ನು ಕಾಯಿಸ್ಬೇಡಿ, ಅಲ್ಲೇ ಮಣ್ಣು ಕೊಡ್ಲಿ" ಎಂದರು. ನಾವು ಮನೆಯಲ್ಲಿ ಆಡುವುದು ಬ್ಯಾರಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ದ್ವೀಪದವರು ಒಳ್ಳೆಯವರು. ಆಚೆ ದಡದ ಮಸೀದಿಯಿಂದ ನಾಲ್ಕು ಜನರನ್ನು ಕರೆಸಿ, ನಮಾಜು ಮಾಡಿಸಿ, ತಮ್ಮ ಸ್ಮಶಾನದ ಒಂದು ಸಾಲಿನಲ್ಲಿ ದಫನ ಮಾಡಿದರು. ಒಂದು ಫೋಟೋ ಕಳಿಸಿದರು. ಹುಲ್ಲು, ಅವನ ಹೆಸರಿದ್ದ ಸಣ್ಣ ಹಲಗೆ, ಹಿಂದೆ ಗಾಳಿಗೆ ಒಂದೇ ಕಡೆಗೆ ಬಾಗಿದ ಮರ. ಉಮ್ಮ ಅದನ್ನು ಸತ್ತವರಿಗಾಗಿ ಓದುವ ಯಾಸೀನ್ ಕಿತಾಬಿನೊಳಗೆ ಇಟ್ಟುಕೊಂಡರು.

ಬಾಪ ತೀರಿಕೊಂಡ ಮೇಲೆ ಉಮ್ಮನನ್ನು ಕರಾಮದ ನಮ್ಮ ಫ್ಲಾಟಿಗೆ ಕರೆದುಕೊಂಡು ಬಂದೆ. ಅವರಿಗೆ ಇದ್ದದ್ದು ಒಂದೇ ಆಸೆ: ಅವನ ಕಬರಿನ ಹತ್ತಿರ ನಿಂತು ಸಲಾಂ ಹೇಳಬೇಕು. ಚಿನ್ನ ಕೇಳಲಿಲ್ಲ, ಮಾಲ್ ಸುತ್ತಿಸು ಎನ್ನಲಿಲ್ಲ. "ಈ ವರ್ಷ ಹೋಗುವ" ಎಂದು ನಾನು ಪ್ರತಿ ವರ್ಷ ಹೇಳಿದೆ. ಒಂದು ವರ್ಷ ದರ ಹೆಚ್ಚು, ಒಂದು ವರ್ಷ ವೀಸಾ ಅಪಾಯಿಂಟ್‌ಮೆಂಟ್ ಇಲ್ಲ, ಒಂದು ವರ್ಷ ಮಕ್ಕಳ ಪರೀಕ್ಷೆ. ಮುಂದಿನ ವರ್ಷ ಇನ್ನೂ ಅಗ್ಗದಲ್ಲಿ ಹೋಗಬಹುದು ಎಂಬ ಲೆಕ್ಕ ನನ್ನ ತಲೆಯಲ್ಲಿ ಯಾವಾಗಲೂ ಇತ್ತು.

ಅವನನ್ನು ಮಣ್ಣು ಮಾಡಿ ಹತ್ತು ವರ್ಷ ದಾಟಿದ ಮೇಲೆ, ಒಂದು ಮಾರ್ಚ್ ತಿಂಗಳಲ್ಲಿ ದ್ವೀಪದಿಂದ ಕಾಗದ ಬಂತು. ಇಲ್ಲಿ ಮನೆಗೆ ಅಂಚೆ ಬರುವುದಿಲ್ಲ, ಆಫೀಸಿನ ಪೋಸ್ಟ್ ಬಾಕ್ಸಿಗೆ ಬರುತ್ತದೆ. ತೆರೆದು ಓದಿದೆ. ಕೆಳಗೆ ಇಂಗ್ಲಿಷಿನಲ್ಲೂ ಬರೆದಿದ್ದರು, ಅರ್ಥವಾಗದ್ದು ಏನೂ ಇರಲಿಲ್ಲ. ಆ ದೇಶದಲ್ಲಿ ಕಬರಿನ ಜಾಗ ಇಂತಿಷ್ಟು ವರ್ಷಕ್ಕೆ ಮಾತ್ರ. ಅವಧಿ ಮುಗಿದಿದೆ, ಮುಂದುವರಿಸಬೇಕಾದರೆ ಜೊತೆಗಿರುವ ಫಾರಂ ತುಂಬಿ ಹಣ ಕಟ್ಟಿ, ಇಲ್ಲವಾದರೆ ಸೆಪ್ಟೆಂಬರ್ ಕೊನೆಯ ನಂತರ ಆ ಸಾಲನ್ನು ತೆರವು ಮಾಡುತ್ತೇವೆ. ನನಗೆ ಮೈ ಉರಿದುಹೋಯಿತು. ಸತ್ತವನಿಗೂ ಬಾಡಿಗೆಯೇ? ಕಯಾಮತ್ತಿನವರೆಗೆ, ಲೋಕದ ಕೊನೆಯ ದಿನದವರೆಗೆ, ಮಲಗಬೇಕಾದವನಿಗೆ ನೋಟಿಸೇ?

ಹೆಂಡತಿಗೆ ತೋರಿಸಿದೆ. ಅವಳು ಎರಡು ಸಲ ಓದಿದಳು.

"ಇದನ್ನು ಕಟ್ಟಿಬಿಡಿ. ಉಮ್ಮನಿಗೆ ಗೊತ್ತಾಗುದೇ ಬೇಡ."

"ನಿನಗೆ ಗೊತ್ತುಂಟಾ ಇದೆಲ್ಲ? ಹೇಗೂ ಹೋಗ್ಲಿಕ್ಕುಂಟಲ್ಲ, ಎದುರಲ್ಲಿ ಕೂತು ಮಾತಾಡುವ. ಅರ್ಧಕ್ಕೆ ಇಳಿಸ್ತಾರೆ" ಎಂದೆ.

ನನ್ನ ಮಾತು ಈ ಊರಿನಲ್ಲಿ ಇಷ್ಟು ವರ್ಷ ಬದುಕಿದವನ ಮಾತು. ಇಲ್ಲಿ ಟ್ರಾಫಿಕ್ ದಂಡ ಬಂದರೆ ಜಾಣರು ಕೂಡಲೇ ಕಟ್ಟುವುದಿಲ್ಲ, ರಿಯಾಯಿತಿ ಘೋಷಣೆಯಾಗಲಿ ಎಂದು ಕಾಯುತ್ತಾರೆ. ವೀಸಾ ಮುಗಿದವರು ಕ್ಷಮಾದಾನಕ್ಕೆ ಕಾಯುತ್ತಾರೆ. ಫ್ಲಾಟಿನ ಬಾಡಿಗೆ ಏರಿಸಿ ನೋಟಿಸು ಬಂದರೆ ಆಫೀಸಿಗೆ ಹೋಗಿ, ಒಂದು ಸುಲೈಮಾನಿ ಚಹಾ ಕುಡಿದು, ನಕ್ಕು, ಕೈಕುಲುಕಿ ಎರಡು ತಿಂಗಳು ಮುಂದೆ ಹಾಕಿಸಿಕೊಳ್ಳುತ್ತೇವೆ. ಕೊನೆಯ ದಿನಾಂಕ ಎಂದರೆ ಮಾತುಕತೆ ಶುರುವಾಗುವ ದಿನಾಂಕ ಎಂದೇ ನಾನು ತಿಳಿದಿದ್ದೆ. ಕಾಗದವನ್ನು ಆಫೀಸಿನ ಡ್ರಾವರಿನಲ್ಲಿ ಇಟ್ಟೆ.

ಆ ಬೇಸಿಗೆಗೇ ಹೋಗಬಹುದಿತ್ತು. ಆದರೆ ಜುಲೈಯಲ್ಲಿ ಶಾಲೆಗೆ ರಜೆ, ಇಡೀ ದುಬೈ ಹೊರಗೆ ಹೋಗುವ ಕಾಲ, ಟಿಕೆಟ್ ದರ ಕೇಳಿದರೆ ಎದೆ ಹಿಡಿದುಕೊಳ್ಳಬೇಕು. ನವೆಂಬರಿನಲ್ಲಿ ಅದು ಅರ್ಧಕ್ಕಿಂತ ಕಡಿಮೆ, ದ್ವೀಪದಲ್ಲಿ ಕೋಣೆಗಳೂ ಅಗ್ಗ. ಇಪ್ಪತ್ತು ವರ್ಷ ಬೇರೆಯವರಿಗೆ ನವೆಂಬರ್ ಹೇಳಿದವನು ನನ್ನ ಸ್ವಂತ ಪ್ರಯಾಣಕ್ಕೆ ಜುಲೈ ಹಿಡಿಯಲೇ? ಮಾರ್ಚ್ ಮುಗಿಯುವ ಮೊದಲೇ ನವೆಂಬರಿಗೆ ಬುಕ್ ಮಾಡಿ ಉಮ್ಮನಿಗೆ ಹೇಳಿದೆ. ಅವರು ಅಂದಿನಿಂದ ಪ್ರತಿ ಸಂಜೆ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು, ಬೇಸಿಗೆಯ ಆ ಸೆಕೆಯಲ್ಲೂ ನಮ್ಮ ಕಟ್ಟಡದ ಸುತ್ತ ನಡೆಯತೊಡಗಿದರು. "ಅಲ್ಲಿ ಹೋಗಿ ಕಾಲು ನಿಲ್ಲದಿದ್ರೆ ಹೇಗೆ?" ಎನ್ನುತ್ತಿದ್ದರು. ನನ್ನ ಹತ್ತಿರ ಕೇಳಿ ಕೇಳಿ ಫೆರಿ ಎಷ್ಟು ಹೊತ್ತು, ಬಸ್ಸು ಎಷ್ಟು ಹೊತ್ತು ಎಂದು ಬಾಯಿಪಾಠ ಮಾಡಿಕೊಂಡರು.

ನಾವು ಹೋದದ್ದು ಒಂದು ಬುಧವಾರ. ಫೆರಿ ಇಪ್ಪತ್ತು ನಿಮಿಷ. ಗಾಳಿಗೆ ಕಣ್ಣು ಬಿಡಲಾಗದಿದ್ದರೂ ಉಮ್ಮ ಒಳಗೆ ಕೂರಲಿಲ್ಲ, ಕಂಬಿ ಹಿಡಿದು ನಿಂತು ನೀರನ್ನೇ ನೋಡಿದರು. "ಇಷ್ಟು ತಣ್ಣಗೆ ಉಂಟಲ್ಲ ಮೋನೆ" ಎಂದರು. ಇಳಿದು ಸಣ್ಣ ಬಸ್ಸಿನಲ್ಲಿ ಹಳ್ಳಿಗೆ ಹೋದೆವು. ಆ ಬಸ್ಸನ್ನು ಮುಂಚೆಯೇ ಫೋನಿನಲ್ಲಿ ಕಾದಿರಿಸಬೇಕು, ನಾನು ಮೂರು ದಿನ ಮೊದಲೇ ಮಾಡಿದ್ದೆ. ಒಂದು ನಿಮಿಷವೂ ಹಾಳಾಗಲಿಲ್ಲ, ಒಂದು ಯೂರೋ ಕೂಡ ಹೆಚ್ಚು ಹೋಗಲಿಲ್ಲ. ಅಂಥ ಅಚ್ಚುಕಟ್ಟಾದ ಪ್ರಯಾಣವನ್ನು ನಾನು ಯಾರಿಗೂ ಮಾಡಿಕೊಟ್ಟಿಲ್ಲ.

ಸ್ಮಶಾನದ ಬೇಲಿಯೊಳಗೆ ಹೋಗಿ ಫೋಟೋ ಹಿಡಿದು ನೋಡಿದೆ. ಬಾಗಿದ ಮರ ಅಲ್ಲೇ ಇತ್ತು. ಅದರ ಮುಂದಿನ ಸಾಲು ಇರಲಿಲ್ಲ. ಹೊಸ ಮಣ್ಣು ಹಾಕಿ ಮಟ್ಟ ಮಾಡಿ ಹುಲ್ಲಿನ ಬೀಜ ಬಿತ್ತಿದ್ದರು, ಅಲ್ಲಲ್ಲಿ ಕೂದಲಿನಂತೆ ಹಸಿರು ಎದ್ದಿತ್ತು. ಬೇರೆ ಮರವಿರಬೇಕು ಎಂದು ನಾನು ಎರಡು ಸುತ್ತು ಹಾಕಿದೆ. ಉಮ್ಮ ಹಿಂದೆ ಹಿಂದೆಯೇ ಬಂದರು. ಕೊನೆಗೆ ಅಲ್ಲಿ ಎಲೆ ಗುಡಿಸುತ್ತಿದ್ದ ಹೆಂಗಸಿಗೆ ಹೆಸರು ತೋರಿಸಿದೆ. ಅವಳು ಒಳಗೆ ಹೋಗಿ ಪುಸ್ತಕ ನೋಡಿ ಬಂದು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಳು: ಆ ಸಾಲನ್ನು ಅಕ್ಟೋಬರಿನಲ್ಲಿ ತೆಗೆದರು. ಎಲುಬುಗಳನ್ನು ಹಿಂದಿನ ಮೂಲೆಯಲ್ಲಿ ಎಲ್ಲರದನ್ನೂ ಒಟ್ಟಿಗೆ ಹೂಳಿದ್ದಾರೆ. ನಿಮಗೆ ಪತ್ರ ಕಳಿಸಿದ್ದೆವು, ಹಲಗೆಯ ಪಕ್ಕದಲ್ಲೂ ಬೇಸಿಗೆಯಿಡೀ ಚೀಟಿ ಇಟ್ಟಿದ್ದೆವು. ಯಾರೂ ಉತ್ತರ ಕೊಡಲಿಲ್ಲ. ಕ್ಷಮಿಸಿ.

ಐದಾರು ವಾರ ಮೊದಲು ಬಂದಿದ್ದರೆ ಅವನು ಅಲ್ಲೇ ಇರುತ್ತಿದ್ದ.

"ಎಂತ ಹೇಳ್ತಾಳೆ?" ಎಂದು ಉಮ್ಮ ಕೇಳಿದರು. ಹೇಳದೆ ದಾರಿಯಿರಲಿಲ್ಲ. ತೆಗೆದಿದ್ದಾರೆ, ಆಚೆ ಮೂಲೆಯಲ್ಲಿ ಎಲ್ಲರ ಜೊತೆ ಇಟ್ಟಿದ್ದಾರೆ ಎಂದೆ. ಉಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವರು ಅಳಲಿಲ್ಲ, ನನ್ನ ತೋಳು ಹಿಡಿದುಕೊಂಡರು.

"ಅಗೆದು ತೆಗೆದ್ರಾ? ನಮ್ಮ ಹತ್ರ ಒಂದು ಮಾತು ಹೇಳ್ಳಿಲ್ವಾ ಇವರು? ಒಂದು ಕಾಗದ ಹಾಕ್ಬಾರ್ದಾ?"

"ಇಲ್ಲ ಉಮ್ಮ. ಏನೂ ಬರ್ಲಿಲ್ಲ."

ಅಷ್ಟೇ ನಾನು ಹೇಳಿದ್ದು. ಯೋಚಿಸಿ ಹೇಳಿದ ಸುಳ್ಳಲ್ಲ, ಬಾಯಿ ತಾನಾಗಿ ಹೇಳಿತು. ಆ ಹೆಂಗಸು ನಮ್ಮ ಭಾಷೆ ತಿಳಿಯದೆ, ಪಾಪ, ನಾನು ಸಮಾಧಾನ ಹೇಳುತ್ತಿದ್ದೇನೆಂದುಕೊಂಡು ತಲೆಯಾಡಿಸುತ್ತಿದ್ದಳು. ಉಮ್ಮ ಅವಳನ್ನು ಒಂದು ಸಲ ನೋಡಿದ ನೋಟ ನನಗೆ ಸಿಗಬೇಕಾದದ್ದು.

ಹಿಂದಿನ ಮೂಲೆಯಲ್ಲಿ ಒಂದು ಕಲ್ಲು ಇತ್ತು, ಹೆಸರುಗಳಿರಲಿಲ್ಲ. ಉಮ್ಮ ಅದರ ಮುಂದೆ ನಿಂತರು. ಎಲ್ಲಿಗೆ ಮುಖ ಮಾಡಬೇಕೆಂದು ಗೊತ್ತಾಗದೆ ಆಚೆ ಈಚೆ ಸರಿದರು. "ಇಷ್ಟು ಜನರ ಎಡೆಯಲ್ಲಿ ನಾನು ಕರೆದದ್ದು ಅವನಿಗೆ ಕೇಳ್ತದಾ?" ಎಂದು ಕೇಳಿದರು. ಕೇಳುತ್ತದೆ ಎಂದೆ. ಎಂಟು ತಿಂಗಳು ಅಭ್ಯಾಸ ಮಾಡಿದ ಕಾಲುಗಳ ಮೇಲೆ ಅವರು ಅಲ್ಲಿ ಒಂದು ಗಂಟೆಗೂ ಹೆಚ್ಚು ನಿಂತರು. ಯಾಸೀನ್ ಓದಿ ಮುಗಿಸಿ ಇನ್ನೊಮ್ಮೆ ಮೊದಲಿನಿಂದ ಓದಿದರು.

ಹಿಂದೆ ಬರುವಾಗ ರೈಲಿನಲ್ಲಿ ನನ್ನ ಮುಖ ನೋಡಿ ಅವರೇ ನನ್ನನ್ನು ಸಮಾಧಾನ ಮಾಡಿದರು. "ನೀನು ಎಂತ ಮಾಡ್ಲಿಕ್ಕುಂಟು? ಕೆಲಸ ಬಿಟ್ಟು, ಖರ್ಚು ಮಾಡಿ ಕರ್ಕೊಂಡು ಬಂದೆ. ಯಾವ ಮಗ ಮಾಡ್ತಾನೆ?" ನಾನು ಕಿಟಕಿಯ ಕಡೆ ತಿರುಗಿಕೊಂಡೆ. ನಾನೊಬ್ಬ ಹೇಡಿ. ಇದನ್ನು ಬರೆಯುವಾಗಲೂ ಬೇರೆ ಶಬ್ದ ಹೊಳೆಯುತ್ತಿಲ್ಲ.

ಕರಾಮಕ್ಕೆ ಬಂದ ಮೇಲೆ ಉಮ್ಮ ಎಲ್ಲರಿಗೂ ಹೇಳಿದರು. ನೆರೆಮನೆಯವರಿಗೆ, ಕೆಳಗಿನ ಗ್ರೋಸರಿಯವನಿಗೆ, ಫೋನಿನಲ್ಲಿ ಊರಿನವರಿಗೆ. ಓದಿದ ಜನವಂತೆ, ಸತ್ತವನ ಮನೆಗೆ ಒಂದು ಕಾಗದ ಹಾಕುವ ಮರ್ಯಾದೆಯಿಲ್ಲ. ಹಾಗೆ ಅವರು ಹೇಳುವಾಗೆಲ್ಲ ಹೆಂಡತಿ ಎದ್ದು ಅಡುಗೆಕೋಣೆಗೆ ಹೋಗುತ್ತಾಳೆ. "ಹೇಳಿಬಿಡಿ. ಬೈದ್ರೆ ಬೈತಾರೆ, ಎಷ್ಟಂದ್ರೂ ತಾಯಿ" ಎಂದು ಒಂದು ದಿನ ಅವಳು ಹೇಳಿದಳು. ನಾಳೆ ಹೇಳುವ ಎಂದೆ. ಅದೂ ಒಂದು ವರ್ಷ ಮುಂದೆ ಹೋಯಿತು.

ಕಳೆದ ತಿಂಗಳು ಉಮ್ಮ ಇಲ್ಲಿಯ ಹೆಂಗಸರ ಒಂದು ಗುಂಪಿನ ಜೊತೆ ಮಕ್ಕಾಕ್ಕೆ ಉಮ್ರಾ ಯಾತ್ರೆಗೆ ಹೊರಟರು. ಹೊರಡುವ ಮೊದಲು ನಮ್ಮಲ್ಲಿ ಒಂದು ಪದ್ಧತಿಯಿದೆ. ಗೊತ್ತಿದ್ದವರೆಲ್ಲರ ಹತ್ತಿರ ತಪ್ಪು ಕ್ಷಮಿಸಿ ಎಂದು ಕೇಳಬೇಕು, ಅವರ ತಪ್ಪನ್ನೂ ಕ್ಷಮಿಸಿ ಮನಸ್ಸು ಖಾಲಿ ಮಾಡಿಕೊಂಡು ಹೋಗಬೇಕು. ಉಮ್ಮ ಎರಡು ದಿನ ಫೋನಿನಲ್ಲಿ ಕೂತರು. ಮೂವತ್ತು ವರ್ಷ ಮಾತು ಬಿಟ್ಟಿದ್ದ ನಾದಿನಿಯನ್ನೂ ಕ್ಷಮಿಸಿದರು. ಕಟ್ಟಡದ ವಾಚ್‌ಮ್ಯಾನಿನ ಹತ್ತಿರವೂ ಕೇಳಿದರು. ಬಸ್ಸು ಬರುವ ಹೊತ್ತಿಗೆ ಹೆಂಡತಿಯನ್ನು ಅಪ್ಪಿಕೊಂಡು, ನನ್ನ ಎರಡೂ ಕೈ ಹಿಡಿದರು.

"ಉಮ್ಮ, ನನ್ನದು ಏನಿದ್ದರೂ ಕ್ಷಮಿಸ್ಬೇಕು" ಎಂದೆ. ಆಗ ಹೇಳಿಬಿಡುತ್ತಿದ್ದೆ. ಶಬ್ದ ನಾಲಿಗೆಯವರೆಗೆ ಬಂದಿತ್ತು.

"ನಿನ್ನದು ಎಂತ ಉಂಟು ಮೋನೆ ಕ್ಷಮಿಸ್ಲಿಕ್ಕೆ?" ಎಂದರು. "ಎಲ್ಲರ ತಪ್ಪನ್ನೂ ಬಿಟ್ಟುಕೊಟ್ಟಾಯ್ತು, ನನ್ನ ಮನಸ್ಸಲ್ಲಿ ಯಾರ ಮೇಲೆಯೂ ಏನೂ ಇಲ್ಲ. ಒಬ್ಬನ ಮೇಲೆ ಮಾತ್ರ ಉಂಟು. ನನ್ನ ಮಗನನ್ನು ತೆಗೀತಾರೆ ಅಂತ ಗೊತ್ತಿದ್ದೂ ನನಗೆ ಹೇಳದೆ ಕೂತವ ಅಲ್ಲಿ ಯಾರೋ ಇದ್ದಾನಲ್ಲ, ಅವನನ್ನು ಮಾತ್ರ ಬಿಡುದಿಲ್ಲ. ಅವನ ವಿಷಯ ಕಾಬಾದ ಎದುರು ನಿಂತು ಹೇಳಿಯೇ ಬರ್ತೇನೆ."

ಹೆಂಡತಿ ನನ್ನನ್ನು ನೋಡುತ್ತಿದ್ದಳು. ನಾನು ಬ್ಯಾಗ್ ಎತ್ತಿಕೊಂಡೆ. ಬಸ್ಸಿನ ಮೆಟ್ಟಿಲಿನವರೆಗೆ ಉಮ್ಮ ನನ್ನ ಹೆಗಲು ಹಿಡಿದುಕೊಂಡು ಬಂದರು. ಏನಾದರೂ ಹೇಳಬೇಕಲ್ಲ, ನಮಗಾಗಿ ಪ್ರಾರ್ಥಿಸಿ ಎಂದು ಹೊರಡುವವರಿಗೆ ಎಲ್ಲರೂ ಹೇಳುವುದನ್ನೇ ಹೇಳಿದೆ. "ನನಗೂ ದುಆ ಮಾಡಿ ಉಮ್ಮ."

"ಮೊದಲು ನಿನಗೆ," ಎಂದು ನನ್ನ ಕೆನ್ನೆ ಮುಟ್ಟಿದರು. "ಮತ್ತೆ ಅವನ ವಿಷಯ."