ಎಡಕ್ಕೆ ಐವತ್ತು ಸುತ್ತು

ಬೆಳಗಿನ ಓಟದಲ್ಲಿ ಇಪ್ಪತ್ತನೆಯ ಸುತ್ತು ಬಂತೆಂದರೆ ನನ್ನ ಎಡ ಮೊಣಕಾಲಿನ ಹೊರಬದಿಗೆ ಯಾರೋ ದಬ್ಬಣ ಚುಚ್ಚಿದಂತಾಗುತ್ತಿತ್ತು. ಹತ್ತೊಂಬತ್ತರಲ್ಲಿ ಅದರ ಸುಳಿವಿಲ್ಲ. ಇಪ್ಪತ್ತೊಂದರವರೆಗೆ ಕಾಯುವ ಸೌಜನ್ಯವೂ ಅದಕ್ಕಿಲ್ಲ. ಮಲಾಡಿನ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಹೊತ್ತಿಗೆ ಸರಿಯಾಗಿ ಬರುತ್ತಿದ್ದುದು ಅದೊಂದೇ. ಜನವರಿಯ ಅರ್ಧ ಮ್ಯಾರಥಾನ್ ಓಡುತ್ತೇನೆಂದು ಕಂಡಕಂಡವರಿಗೆಲ್ಲ ಸಾರಿಬಿಟ್ಟಿದ್ದೆ. ಇಪ್ಪತ್ತೊಂದು ಕಿಲೋಮೀಟರಿನ ಆ ಓಟಕ್ಕೆ ಉಳಿದದ್ದು ಎರಡೇ ತಿಂಗಳು. ನನ್ನ ಕಾಲು ನಾಲ್ಕನೆಯ ಕಿಲೋಮೀಟರಿಗೇ ಕೈಯೆತ್ತುತ್ತಿತ್ತು.

ಪ್ರತಿಯೊಂದು ನೋವಿಗೂ ಒಬ್ಬ ಹೊಣೆಗಾರನಿರುತ್ತಾನೆ, ಅವನಿಂದ ಲಿಖಿತ ಉತ್ತರ ಪಡೆಯುವುದು ನಾಗರಿಕಳ ಹಕ್ಕು: ಎಂ.ಎ. ಮುಗಿಸಿ ನಾನು ಮನೆಗೆ ತಂದದ್ದು ಮುಖ್ಯವಾಗಿ ಈ ನಂಬಿಕೆಯನ್ನು. ಹಾಗಾಗಿ ಮೊದಲು ಬೂಟಿನ ಅಂಗಡಿಗೆ ಬರೆದೆ. ಮುಂದಿನ ಜೋಡಿಗೆ ರಿಯಾಯಿತಿ ಕೊಡುವುದಾಗಿ ಉತ್ತರ ಬಂತು. ಕಾಂಪೌಂಡಿನ ಹಾಸುಕಲ್ಲುಗಳ ಏರುಪೇರಿನ ಬಗ್ಗೆ ಸೊಸೈಟಿಯ ಕಾರ್ಯದರ್ಶಿಗೆ ಎರಡು ಪುಟ ಬರೆದೆ. ಅವರು ಅದನ್ನು ನೋಟಿಸ್ ಬೋರ್ಡಿಗೆ ಅಂಟಿಸಿ, ಕೆಳಗೆ ಕೆಂಪು ಶಾಯಿಯಲ್ಲಿ ‘ಎಲ್ಲರೂ ನಿಧಾನವಾಗಿ ನಡೆಯಿರಿ’ ಎಂದು ಸೇರಿಸಿದರು.

ಕೊನೆಗೆ ಮಾಟುಂಗದ ಒಬ್ಬ ಮಹಿಳಾ ಫಿಸಿಯೋಥೆರಪಿಸ್ಟರ ಬಳಿ ಹೋದೆ. ಧಾರವಾಡದ ಕಡೆಯವರು, ನನಗಿಂತ ಹತ್ತು ವರ್ಷ ದೊಡ್ಡವರು. ಮೊಣಕಾಲಿನ ಪಕ್ಕ ಹೆಬ್ಬೆರಳಿಟ್ಟು ಒತ್ತಿದರು. ನಾನು ಹಾಕಿದ ಕೂಗಿಗೆ ಹೊರಗೆ ಕಾಯುತ್ತಿದ್ದ ಇಬ್ಬರು ಎದ್ದು ಹೋದರೆಂದು ಆಮೇಲೆ ತಿಳಿಯಿತು.

“ಸೊಂಟದಿಂದ ಮೊಣಕಾಲಿನ ತನಕ ತೊಡಿ ಹೊರಗ ಒಂದು ಪಟ್ಟಿ ಅದರೀ, ಇಲಿಯೋಟಿಬಿಯಲ್ ಬ್ಯಾಂಡ್ ಅಂತ. ಅದು ಸಿಟ್ಟಿಗೆದ್ದದ. ಸೊಂಟದ ಸ್ನಾಯು ಮೈಗಳ್ಳ ಆಗ್ಯಾವ, ಅವುಗಳ ಕೆಲಸಾನೂ ಇದರ ಮ್ಯಾಲೆ ಬಿದ್ದದ.”

ಬೆನ್ನಿನ ಕೆಳಗೊಂದು ಲೋಹದ ತಟ್ಟೆಯಿಟ್ಟು, ತೊಡೆಗೆ ಕ್ರೀಮು ಬಳಿದು, ರೇಡಿಯೋಫ್ರೀಕ್ವೆನ್ಸಿ ಯಂತ್ರದ ದುಂಡನೆಯ ಹಿಡಿಕೆಯನ್ನು ಮೆಲ್ಲಗೆ ಆಡಿಸಿದರು. ಚರ್ಮ ಸುಡಲಿಲ್ಲ, ಒಳಗೆಲ್ಲೋ ಹದವಾದ ಬಿಸಿ ಹರಡಿತು. ಮುಗಿದ ಮೇಲೆ ವ್ಯಾಯಾಮದ ಪಟ್ಟಿ: ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನು ಎತ್ತುವುದು, ಮೊಣಕಾಲುಗಳಿಗೆ ರಬ್ಬರಿನ ಪಟ್ಟಿ ಸಿಕ್ಕಿಸಿಕೊಂಡು ಏಡಿಯಂತೆ ಅಡ್ಡಡ್ಡ ನಡೆಯುವುದು. ಡಿಸೆಂಬರ್ ಮಧ್ಯದೊಳಗೆ ನೋವಿಲ್ಲದೆ ಹತ್ತು ಕಿಲೋಮೀಟರ್, ಅಂದರೆ ನನ್ನ ಲೆಕ್ಕದಲ್ಲಿ ಐವತ್ತು ಸುತ್ತು, ಓಡಿದರೆ ಜನವರಿಗೆ ಒಪ್ಪಿಗೆ. ಇಲ್ಲವಾದರೆ ರಸ್ತೆಬದಿಯಲ್ಲಿ ನಿಂತು ಚಪ್ಪಾಳೆ.

ಉಡುಪಿ ಕಡೆಯ ನನ್ನ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, “ತೊಡೆಗೆ ಇಸ್ತ್ರಿ ಹಾಕಿಸ್ಲಿಕ್ಕೆ ಮಾಟುಂಗಕ್ಕೆ ಯಾಕೆ ಹೋಗ್ಬೇಕು ಮಾರಾಯ್ತಿ? ಕೆಳಗೆ ಇಸ್ತ್ರಿಯವ ಇದ್ದಾನಲ್ಲ!” ಎಂದಳು. ನನ್ನ ಏಡಿ ನಡಿಗೆ ಕಂಡಾಗಲಂತೂ ಏಡಿ ಗಸಿ ಮಾಡಲು ತೆಂಗಿನಕಾಯಿ ತುರಿಯಲೇ ಎಂದು ಕೇಳಿದಳು.

ಆರು ಬಾರಿ ಬಿಸಿ ಕೊಟ್ಟದ್ದಾಯಿತು. ದಬ್ಬಣ ಇಪ್ಪತ್ತರಿಂದ ಇಪ್ಪತ್ತೆಂಟನೆಯ ಸುತ್ತಿಗೆ ಸರಿದು, ಅಲ್ಲೇ ಬೀಡುಬಿಟ್ಟಿತು. ನಾನು ಪತ್ರ ಬರೆದುಕೊಂಡು ಹೋದೆ: ಗುಣವಾದದ್ದರಲ್ಲಿ ಯಂತ್ರದ ಪಾಲೆಷ್ಟು, ವ್ಯಾಯಾಮದ ಪಾಲೆಷ್ಟು, ಆಗದೆ ಉಳಿದದ್ದಕ್ಕೆ ಹೊಣೆ ಯಾರು?

ಅವರು ಪೂರ್ತಿ ಓದಿದರು. “ಪಾಲು ಹಂಚಲಿಕ್ಕೆ ನನಗ ಬರೂದಿಲ್ರಿ. ಬಿಸಿ ಕೊಟ್ರ ನೋವು ತಗ್ಗತದ, ನೋವು ತಗ್ಗಿದ್ರ ವ್ಯಾಯಾಮ ಮಾಡಲಿಕ್ಕೆ ಆಗತದ. ನನಗ ಗೊತ್ತಿರೂದು ಇಷ್ಟ. ಈಗ ನಾ ಒಂದು ಕೇಳ್ತೀನಿ. ಎಲ್ಲಿ ಓಡ್ತೀರಿ?”

“ಸೊಸೈಟಿ ಕಾಂಪೌಂಡಿನಲ್ಲಿ.”

“ಯಾವ ಕಡೆ ತಿರುಗಿ?”

“ಬಲಕ್ಕೆ.”

“ದಿನಾ ಬಲಕ್ಕಽ?”

“ನಡುವೆ ಗಣಪತಿ ಗುಡಿ ಇದೆ ಮೇಡಂ.”

ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ದೇವರಿದ್ದಾನೆಂಬುದಕ್ಕೆ ಪುರಾವೆ ಕೇಳಿ ಮನೆಯಲ್ಲಿ ಮೂರು ದೀಪಾವಳಿಗಳನ್ನು ಹಾಳುಮಾಡಿದವಳು ನಾನು. ಅದೇ ನಾನು ಮೂರು ವರ್ಷಗಳಿಂದ, ಒಂದು ದಿನವೂ ತಪ್ಪದೆ, ದೇವರನ್ನು ಬಲಕ್ಕಿಟ್ಟುಕೊಂಡೇ ಓಡಿದ್ದೆ. ಅಮ್ಮನಿಗಾಗಿ ಎನ್ನೋಣವೆಂದರೆ, ಆ ಹೊತ್ತಿಗೆ ಅಮ್ಮ ಮುಸುಕೆಳೆದು ಮಲಗಿರುತ್ತಿದ್ದಳು.

“ಅಷ್ಟು ಸಣ್ಣ ದಾರಿ, ಎಲ್ಲಾ ತಿರುವೂ ಒಂದಽ ಕಡೆ. ಹೊರಗಿನ ಕಾಲು ಎಡದ್ದು. ಪಾಪ, ಅದು ಇನ್ನೇನು ಮಾಡೀತು?” ಎಂದು ಪೆನ್ನು ತೆಗೆದವರು ತಡೆದರು. “ಆದ್ರ ಅಪ್ರದಕ್ಷಿಣೆ ಹಾಕ್ರಿ ಅನ್ನಲಿಕ್ಕೆ ನನಗ ಬಾಯಿ ಬರವಲ್ದು.” ಬಾಯಿ ಬಾರದಿದ್ದರೂ ಕೈ ಬರೆಯಿತು: ‘ದಿನ ಬಿಟ್ಟು ದಿನ ಎಡಕ್ಕೆ ಓಡುವುದು.’

“ದೇವರಿಗೆ ಉಲ್ಟಾ ಸುತ್ತಲಿಕ್ಕೆ ಡಾಕ್ಟ್ರ ಚೀಟಿಯಾ?” ಅಮ್ಮ ಚೀಟಿಯನ್ನು ಎರಡು ಸಲ ಓದಿದಳು. ನಾನು ಯುದ್ಧಕ್ಕೆ ಸನ್ನದ್ಧಳಾಗಿದ್ದೆ. ಅವಳು ಯೋಚಿಸಿ ಹೇಳಿದಳು: “ಭಟ್ರು ಬಾಗಿಲು ತೆಗೆಯುವುದು ಆರೂವರೆಗೆ. ಅದರ ಮೊದ್ಲು ದೇವರು ಮಲಗಿರ್ತಾನೆ. ಮಲಗಿದವನಿಗೆ ಎಡ ಎಂತದು, ಬಲ ಎಂತದು? ಬಾಗಿಲು ತೆಗೆದ ಮೇಲೆ ಮಾತ್ರ ಬಲಕ್ಕೇ ಆಯ್ತಾ.” ಇಷ್ಟು ಸರಳವಾದ ತೀರ್ಪನ್ನು ನನ್ನ ಪ್ರಾಧ್ಯಾಪಕರಿಂದ ಎರಡು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಗಡುವಿನ ದಿನ ಎಡಕ್ಕೆ ಓಡುವ ಸರದಿ. ಏಡಿ ನಡಿಗೆ ಮುಗಿಸಿ ಹೊರಡುವಾಗ ಹತ್ತು ನಿಮಿಷ ತಡವಾಗಿತ್ತು. ಇಪ್ಪತ್ತು ದಾಟಿತು. ಇಪ್ಪತ್ತೆಂಟಕ್ಕೆ ಉಸಿರು ಬಿಗಿಹಿಡಿದೆ, ದಬ್ಬಣ ಬರಲಿಲ್ಲ. ನಲವತ್ತೂ ದಾಟಿತು. ನಲವತ್ತೊಂಬತ್ತು ಮುಗಿಯುವುದಕ್ಕೂ ಗಂಟೆ ಬಾರಿಸುವುದಕ್ಕೂ ಸರಿಹೋಯಿತು. ಭಟ್ಟರು ಬಾಗಿಲು ತೆರೆದರು. ದೇವರು ಎದ್ದ.

ಮೂರನೆಯ ಮಹಡಿಯ ಬಾಲ್ಕನಿಯಿಂದ ಅಮ್ಮ ಕೂಗಿದಳು: “ಬಾಗಿಲು ತೆಗೆದಾಯ್ತು! ತಿರುಗು!”

“ಒಂದೇ ಒಂದು ಸುತ್ತು ಅಮ್ಮಾ!”

“ಹೇ! ನಾನು ದೇವರಿಗೆ ಎಂತ ಹೇಳ್ಲಿ?”

ವಾಕಿಂಗಿಗೆ ಬಂದಿದ್ದ ಹಿರಿಯರೆಲ್ಲ ಬಲಕ್ಕೆ, ನಾನೊಬ್ಬಳೇ ಎಡಕ್ಕೆ. ಭಟ್ಟರು ಆರತಿ ತಟ್ಟೆ ಹಿಡಿದುಕೊಂಡು ನನ್ನನ್ನೇ ನೋಡುತ್ತ ನಿಂತರು. ಐವತ್ತು ಮುಗಿಸಿ ಮೆಟ್ಟಿಲ ಮೇಲೆ ಕುಸಿದೆ. ಅಮ್ಮ ಇಳಿದು ಬಂದು ಮೊದಲು ಕೇಳಿದ್ದು, “ನೋವುಂಟಾ?”

“ಇಲ್ಲ.”

“ಹಾಗಾದ್ರೆ ಏಳು. ಬಲಕ್ಕೆ ಒಂದು ಸುತ್ತು ನಡಿ, ಆ ಕೊನೆಯದ್ದು ಅಳಿಸಿ ಹೋಗ್ತದೆ. ಮತ್ತೆ ಭಟ್ರ ಕೈಯಲ್ಲಿ ದೇವರಿಗೊಂದು ತಪ್ಪೊಪ್ಪಿಗೆ ಕಾಗದ ಕೊಡು. ಎಲ್ಲರ ಹತ್ರ ಲಿಖಿತದಲ್ಲಿ ಕೇಳ್ತಿ ಅಲ್ವಾ?”

ಮೆಟ್ಟಿಲ ಮೇಲಿಂದಲೇ ಮಾಟುಂಗಕ್ಕೆ ಫೋನು ಮಾಡಿ, ಬಾಗಿಲು ತೆರೆದದ್ದನ್ನೂ ಸೇರಿಸಿ ಎಲ್ಲವನ್ನೂ ಹೇಳಿದೆ.

“ಜನವರಿಗೆ ಓಡ್ರಿ. ಬಲಕ್ಕ ಎಷ್ಟು ಸುತ್ತು ಹಾಕೂದು ಅಂದ್ರು ನಿಮ್ಮ ತಾಯಿ?”

“ಒಂದು.”

“ಎರಡು ಹಾಕ್ರಿ. ಒಂದು ನನ್ನ ಹೆಸರಿಲೆ. ಚೀಟಿ ಬರದಾಕಿ ನಾನಲ್ಲೇನು?”

ನಾನು ಕೇಳದೆಯೇ ಒಬ್ಬರು ಹೊಣೆ ಹೊತ್ತದ್ದು ಅದೇ ಮೊದಲು. ಎದ್ದು ಬಲಕ್ಕೆ ನಡೆದೆ, ಎರಡು ಸುತ್ತು.